ಹಪ್ಪಳ ಒತ್ತುವವರ ಲೆಕ್ಕ

2020ರ ಆರಂಭದಲ್ಲಿ ಒಂದು ದಿನ ಮಗ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಅಮ್ಮಾ, ನನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. 20 ಸಾವಿರ ಆಗತ್ತೆ" ಅಂದ. ಆಟ ಆಡುವುದಕ್ಕೆ ಅಷ್ಟು ದುಡ್ಡೇ ಎಂದು ಗದರಿದೆನಾದರೂ ಚೀಟಿ ಹಣದಲ್ಲಿ ಅಷ್ಟನ್ನು ಸದ್ದಿಲ್ಲದೆ ಎತ್ತಿಟ್ಟೆ. ಮರುವರ್ಷ ಕೊಡಲು ಹೋದರೆ ಅದೇ ಕಾರ್ಡಿಗೆ 40 ಸಾವಿರದ ಮೇಲೆ ಎನ್ನುತ್ತಾನೆ! ಹಳೆಯದಾದಂತೆಲ್ಲ ಅಗ್ಗವಾಗಬೇಕಾದ ಸಾಮಾನು ದುಬಾರಿಯಾಗುವುದುಂಟೇ? "ಎಷ್ಟು ಸೇರಿಸಿ ಹೇಳ್ತಿದ್ದೀಯೋ?" ಅಂದುಬಿಟ್ಟೆ. ಅವನು ಮರುಮಾತಾಡದೆ ಎದ್ದುಹೋದ. ಆಮೇಲೆ ಕಾರ್ಡಿನ ಸುದ್ದಿಯನ್ನೇ ಎತ್ತಲಿಲ್ಲ.

ಆ ಕಾರ್ಡಿನ ಚರಿತ್ರೆ ನನಗೆ ತಿಳಿದದ್ದು ತಡವಾಗಿ. ಕಂಪ್ಯೂಟರಿನ ಪರದೆ ಚುಕ್ಕಿ ರಂಗೋಲಿಯ ಹಾಗೆ. ನಮ್ಮ ಮನೆಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳು. ಆಟ ನಡೆಯುವಾಗ ಒಂದು ಸೆಕೆಂಡಿಗೆ 60 ಸಲ ಅಷ್ಟಕ್ಕೂ ಬಣ್ಣ ತುಂಬಬೇಕು. ಮೊದಮೊದಲು ಈ ಕೆಲಸದ ಬಹುಪಾಲು ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನ ತಲೆಯ ಮೇಲೆಯೇ ಇತ್ತು. 1996ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಎಂಬ ಕಾರ್ಡು ಬಂದು ಆಟದ ಚಿತ್ರಗಳ ಭಾರವನ್ನು ಹೊತ್ತಿತು. 1999ರಲ್ಲಿ ಎನ್ವಿಡಿಯಾ ಕಂಪನಿ ಜಿಫೋರ್ಸ್ 256 ತಂದಿತು. ಆಮೇಲೆ ವೂಡೂ ಕಂಪನಿಯ ಆಸ್ತಿಯೂ ಎನ್ವಿಡಿಯಾದ ಪಾಲಾಯಿತು.

ಪ್ರೊಸೆಸರು ಹಬ್ಬದಡುಗೆಯ ನುರಿತ ಬಾಣಸಿಗನಿದ್ದಂತೆ. ಎಂಥ ಕಷ್ಟದ ಅಡುಗೆಯನ್ನೂ ಮಾಡಬಲ್ಲ. ಆದರೆ ಸಾವಿರ ಹಪ್ಪಳ ಒತ್ತಬೇಕೆಂದರೆ ಅವನೊಬ್ಬನಿಂದ ಆದೀತೇ? ಬೀದಿಯ ಹೆಂಗಸರೆಲ್ಲ ಕೂತರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಗ್ರಾಫಿಕ್ಸ್ ಕಾರ್ಡು ಈ ಹೆಂಗಸರ ಗುಂಪು. ಸಣ್ಣ ಲೆಕ್ಕಗಳನ್ನು ಸಾವಿರಗಟ್ಟಲೆ ಒಟ್ಟಿಗೇ ಮಾಡುತ್ತದೆ.

ಇಂಥ ಗುಂಪಿನ ಮೇಲೆ ಬೇರೆಯವರ ಕಣ್ಣು ಬೀಳದೆ ಇರುತ್ತದೆಯೇ? 2015ರಲ್ಲಿ ಶುರುವಾದ ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಇದೇ ಬಗೆಯ ಲೆಕ್ಕ ಬೇಕಿತ್ತು. 2021ರಲ್ಲಿ ಆ ನಾಣ್ಯದ ಬೆಲೆ ಏರಿದಾಗ ಲೋಕದ ತುಂಬ ಜನ ಕಾರ್ಡುಗಳನ್ನು ರಾಶಿಗಟ್ಟಲೆ ಕೊಂಡರು. ಕೊರೋನಾ ಕಾಲದ ಚಿಪ್ಪಿನ ಅಭಾವವೂ ಜೊತೆಗೂಡಿತು. ನನ್ನ ಮಗ ಹೇಳಿದ ಬೆಲೆ ಸುಳ್ಳಾಗಿರಲಿಲ್ಲ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿಯನ್ನೇ ಬದಲಾಯಿಸಿ ಕಾರ್ಡುಗಳ ಹಂಗು ಬಿಟ್ಟಿತು. ಇದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ರುಚಿಸಲಿಲ್ಲ.

ಆ ವರ್ಷದ ಕೊನೆಗೆ ನಾನೇ ಅವನನ್ನು ಹೊರಡಿಸಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಆರ್‌ಟಿಎಕ್ಸ್ 3060 ತೋರಿಸಿದರು. ಅದು 170 ವಾಟ್ ಎಳೆಯುತ್ತದೆ, 550 ವಾಟಿನ ಪವರ್ ಸಪ್ಲೈ ಇರಬೇಕೆಂದು ಕಂಪನಿಯೇ ಹೇಳುತ್ತದೆ. ನಮ್ಮದು 450 ವಾಟಿನದು, ಪ್ರೊಸೆಸರೂ 2014ರದು. ಸಣ್ಣ ಒಲೆಯ ಮೇಲೆ ಹಂಡೆ ಇಟ್ಟರೆ ನೀರು ಬೇಗ ಕಾಯುವುದಿಲ್ಲ. ಕಡಿಮೆ ಬೆಲೆಗೆ ಹಳೇ ಕಾರ್ಡುಗಳೂ ಇದ್ದವು; ಆದರೆ ನಾಣ್ಯದ ಆಸೆಗೆ ಹಗಲಿರುಳು ದುಡಿದು ಬಂದವೋ ಏನೋ, ಗ್ಯಾರಂಟಿಯಂತೂ ಇರಲಿಲ್ಲ. ಕೊನೆಗೆ ಅವನು ಮೊದಲು ಕೇಳಿದ್ದ ಜಿಟಿಎಕ್ಸ್ 1660 ಸೂಪರನ್ನೇ ಆರಿಸಿದೆವು. 125 ವಾಟ್, 6 ಜಿಬಿ ನೆನಪು. ನಮ್ಮ 450 ವಾಟಿಗೆ ಸರಿಹೊಂದುತ್ತದೆ. ಪೆಟ್ಟಿಗೆಯೊಳಗೆ ಹಿಡಿಸುತ್ತದೆಯೇ ಎಂದು ಮನೆಯಿಂದಲೇ ಅಳತೆ ತಂದಿದ್ದ. ಬೆಲೆಯೂ ಮತ್ತೆ 20 ಸಾವಿರದ ಆಸುಪಾಸಿಗೆ ಇಳಿದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ, "ಅವತ್ತು ನಿನ್ನ ಅನುಮಾನಿಸಬಾರದಿತ್ತು ಕಣೋ" ಅಂದೆ.

ಅವನು ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಳ್ಳುತ್ತಾ, "ಆ ಬೆಲೆ ನೋಡಿ ನನಗೇ ನಂಬಿಕೆ ಬಂದಿರ್ಲಿಲ್ಲಮ್ಮ. ನಿನಗೆ ಹೇಗೆ ಬರತ್ತೆ?" ಅಂದ.