ಉತ್ತರಾಯಣದ ಕಲ್ಲುಗಳು

ಸಂಕ್ರಾಂತಿಯ ಸಂಜೆ ನಮ್ಮ ಹಾರನಹಳ್ಳಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಕೆರೆಯಲ್ಲಿ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಕಟ್ಟಿದ ಎತ್ತುಗಳು ಉರಿಯುವ ಹುಲ್ಲನ್ನು ನೆಗೆದು ಹೋಗುವುದನ್ನು ನೋಡುತ್ತ ಅಜ್ಜ, "ಸೂರ್ಯ ಇವತ್ತು ಹೊರಳಿದ ಕಣಪ್ಪ" ಎನ್ನುತ್ತಿದ್ದರು. ಆ ಮಾತಿನಲ್ಲಿ ಮೂರು ವಾರಗಳಿಗೂ ಮೀರಿದ ತಪ್ಪಿತ್ತೆಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡದ್ದು ಮಲೆನಾಡಿನಲ್ಲಿ, ಹೆಸರಿಲ್ಲದ ಜನ ನೆಟ್ಟ ಕಲ್ಲುಗಳ ನಡುವೆ.

ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಮ್ಮ ಪಂಚಾಂಗವಾದರೋ ನಕ್ಷತ್ರಗಳನ್ನು ನೆಚ್ಚಿ, ಸೂರ್ಯ ಮಕರರಾಶಿಯನ್ನು ಹೊಕ್ಕ ದಿನವನ್ನೇ ಉತ್ತರಾಯಣದ ಹಬ್ಬವಾಗಿ ಎಣಿಸುತ್ತದೆ. ಭೂಮಿಯ ಅಕ್ಷ ಮೆಲ್ಲಮೆಲ್ಲನೆ ಓಲಾಡುವುದರಿಂದ ಈ ಎರಡಕ್ಕೂ ನಡುವಣ ಅಂತರ ಎಪ್ಪತ್ತು ಚಿಲ್ಲರೆ ವರ್ಷಗಳಿಗೆ ಒಂದು ದಿನದಂತೆ ಬೆಳೆಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. 1235ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಸಹೋದರರು ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದಾಗ ಅಂತರ ಸುಮಾರು 13 ದಿನಗಳಷ್ಟಾಗಿತ್ತು. ಹೊಯ್ಸಳರ ಕಾಲದ ಶಾಸನಗಳಲ್ಲಿ 'ಉತ್ತರಾಯಣ ಸಂಕ್ರಮಣದಂದು' ಕೊಟ್ಟ ದತ್ತಿಗಳನ್ನು ಓದುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ದಾನ ಸಂದಿತು, ಸೂರ್ಯ ಮಾತ್ರ ಎರಡು ವಾರ ಮೊದಲೇ ಹೊರಳಿದ್ದ.

ಒಂದು ಡಿಸೆಂಬರಿನಲ್ಲಿ ಅರಸೀಕೆರೆಯಲ್ಲಿ ರೈಲು ಹತ್ತಿ, ಶಿವಮೊಗ್ಗದಲ್ಲಿಳಿದು, ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿಗೆ ಹೋದೆ. ನಿಲಿಸಿದ ಕಲ್ಲು ಎಂಬುದು ಊರಿನ ಹೆಸರಿನಲ್ಲಿಯೇ ಕೇಳಿಸುತ್ತದೆ. ಚಪ್ಪಟೆಯ ನಿಲುಗಲ್ಲುಗಳು, ಕೆಲವು ನೆಟ್ಟಗೆ, ಕೆಲವು ವಾಲಿ, ಕೆಲವು ನೆಲಕ್ಕೊರಗಿ. ಒಂದರ ಬಳಿ ನಿಂತು ಮತ್ತೊಂದರತ್ತ ನೋಡಿದರೆ ಸೂರ್ಯ ಹೊರಳುವ ದಿನಗಳ ಉದಯಾಸ್ತಗಳಿಗೆ ನೇರವಾಗುವ ಜೋಡಿಗಳು ಇಲ್ಲಿವೆಯೆಂದು ಮಣಿಪಾಲ ಮತ್ತು ಮುಂಬಯಿಯ ವಿದ್ವಾಂಸರು 2012ರ ಸುಮಾರಿಗೆ ಅಳೆದು ತೋರಿಸಿದ್ದಾರೆ.

ಬೆಳಗ್ಗೆ ಮಂಜು ಕವಿದಿತ್ತು. ಉದಯ ಕಾಣಲಿಲ್ಲ. ದನ ಮೇಯಿಸಲು ಬಂದ ಮುದುಕರೊಬ್ಬರು, "ಎಂತ ಕಾಯ್ತಿದ್ದೀರಿ ಮಾರಾಯ್ರೆ?" ಎಂದರು. ಸೂರ್ಯನನ್ನು ಎಂದೆ. ಅವರು ನಕ್ಕು, "ಅದು ದಿನಾ ಬರ್ತದಲ್ಲ" ಎಂದು ಮುಂದೆ ಹೋದರು. ಸಂಜೆ ಆಕಾಶ ತಿಳಿಯಾಯಿತು. ನೈಋತ್ಯದ ಕಲ್ಲಿನ ತಲೆಗೆ ಸೂರ್ಯಬಿಂಬ ಇಳಿದು ಬಂತು. ಮೂರು ಸಾವಿರ ವರ್ಷಗಳಲ್ಲಿ ಆ ದಿನದ ಅಸ್ತಮಾನದ ತಾಣ ಬಿಂಬದ ಅಗಲದಷ್ಟೂ ಸರಿದಿಲ್ಲ. ಪಂಚಾಂಗ ಜಾರಿದರೂ ಕಲ್ಲು ಜಾರಿರಲಿಲ್ಲ.

ಹಾಗಾದರೆ ಅಂದು ಇಲ್ಲಿ ಹಬ್ಬ ನಡೆಯುತ್ತಿತ್ತೆ? ಹೌದೆನ್ನಲು ಮನಸ್ಸು ಹಾತೊರೆಯುತ್ತದೆ. ಇಂಗ್ಲೆಂಡಿನ ಸ್ಟೋನ್‌ಹೆಂಜಿನಲ್ಲಿ ಸೂರ್ಯ ಹೊರಳುವ ದಿನ ಸಾವಿರಾರು ಮಂದಿ ನೆರೆಯುತ್ತಾರೆ. ಕ್ರೈಸ್ತಪೂರ್ವದ ಡ್ರೂಯಿಡ್ ಪುರೋಹಿತರ ಪರಂಪರೆ ತಮ್ಮದೆಂದು ಬಿಳಿಯ ನಿಲುವಂಗಿ ತೊಡುವವರೂ ಅವರಲ್ಲಿದ್ದಾರೆ. ಆದರೆ ಆ ದೊಡ್ಡ ಕಲ್ಲುಗಳು ಎದ್ದದ್ದು ಸುಮಾರು 4,500 ವರ್ಷಗಳ ಹಿಂದೆ. ಡ್ರೂಯಿಡರ ಮಾತು ಚರಿತ್ರೆಯಲ್ಲಿ ಕೇಳಿಬರುವುದು ಅದಕ್ಕೆ ಎರಡು ಸಾವಿರ ವರ್ಷಗಳ ಅನಂತರ. ಅಲ್ಲಿ ಅಗೆದಾಗ ದೊರೆತದ್ದು ಸುಟ್ಟ ಮನುಷ್ಯರ ಎಲುಬು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಿಲಾವೃತ್ತಗಳನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗಲೂ ಒಳಗೆ ಕಂಡದ್ದು ಆಯ್ದಿಟ್ಟ ಎಲುಬುಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು. ಅಲ್ಲಿನ ಕಲ್ಗೋರಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಸತ್ತವರನ್ನೂ ಸೂರ್ಯನನ್ನೂ ಅವರು ಬೇರೆಬೇರೆಯಾಗಿ ನೆನೆಯಲಿಲ್ಲವೆಂದು ಇದರಿಂದ ನನಗೆ ತೋರುತ್ತದೆ. ಇದಕ್ಕಿಂತ ಹೆಚ್ಚು ಹೇಳಿದರೆ ಅದು ನಮ್ಮ ಹಬ್ಬವಾದೀತೇ ಹೊರತು ಅವರದಲ್ಲ.

ನನ್ನ ಆತಂಕ ಬೇರೆಯದು. ಗುಡಿಯ ಒಂದು ಕಂಬ ಮುರಿದರೂ ಉಳಿದವು ಶಿಲ್ಪಿಯ ಕೈಯನ್ನು ತೋರಿಸುತ್ತವೆ. ಶಾಸನವಿದ್ದರೆ ಕಟ್ಟಿಸಿದವರ ಹೆಸರೂ ತಿಳಿಯುತ್ತದೆ. ನಿಲುಗಲ್ಲಿನ ಮಾತು ಹಾಗಲ್ಲ. ಅದರ ಅರ್ಥವಿರುವುದು ಎರಡು ಕಲ್ಲುಗಳ ನಡುವಣ ಗೆರೆಯಲ್ಲಿ. ಬೇಲಿಗೋ ತಳಪಾಯಕ್ಕೋ ಒಂದನ್ನು ಕಿತ್ತರೆ ಉಳಿದದ್ದು ಬರಿಯ ಬಂಡೆ. ಕಿತ್ತವನಿಗೆ ಅಲ್ಲೇನಿತ್ತೆಂಬುದೂ ತಿಳಿಯುವುದಿಲ್ಲ.

ಆ ಸಂಕ್ರಾಂತಿಗೂ ನಾನು ಊರಿಗೆ ಹೋದೆ. ಮೊಮ್ಮಗ ಕೈಹಿಡಿದು, "ಸೂರ್ಯ ಇವತ್ತು ಹೊರಳ್ತಾನಾ ಅಜ್ಜ?" ಎಂದು ಕೇಳಿದ. ಹೊರಳಿ ಇಪ್ಪತ್ತು ದಿನಗಳ ಮೇಲಾಯಿತು, ಹಬ್ಬ ಮಾತ್ರ ಇವತ್ತು ಎಂದೆ. ಅಷ್ಟರಲ್ಲಿ ಯಾರೋ ಹುಲ್ಲಿಗೆ ಬೆಂಕಿಯಿಟ್ಟರು. ಅವನು ಕೈಬಿಡಿಸಿಕೊಂಡು ಎತ್ತುಗಳ ಕಡೆಗೆ ಓಡಿದ.