ನಮ್ಮ ಕಂಪ್ಯೂಟರ್ ಕೋಣೆಯ ಕಥೆ

ಶಾಲೆಯ ಚರಿತ್ರೆ ಎಂದರೆ ಕಟ್ಟಡ, ಫಲಿತಾಂಶ, ಮುಖ್ಯೋಪಾಧ್ಯಾಯರ ಪಟ್ಟಿ. ಅದರ ಜೊತೆಗೆ ಕಂಪ್ಯೂಟರ್ ಕೋಣೆಯ ಕಥೆಯೂ ಸೇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆಗ ನಾನು ಇಲ್ಲಿ ಗಣಿತ ಶಿಕ್ಷಕ; ಆ ಕೋಣೆಯ ಬೀಗದ ಕೈಯೂ ನನ್ನ ಬಳಿಯೇ ಇತ್ತು.

ನಮ್ಮ ಭಾಗದ ಎಷ್ಟೋ ರೈತರು ಕಂಪ್ಯೂಟರನ್ನು ಮೊದಲು ಕಂಡದ್ದು ಪಹಣಿ ತರಲು ಹೋದಾಗ. ‘ಭೂಮಿ’ ಯೋಜನೆಯಿಂದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ತಾಲ್ಲೂಕು ಕಚೇರಿಗಳಲ್ಲಿ ಅಚ್ಚಾದ ಪಹಣಿ ಸಿಗತೊಡಗಿತ್ತು. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿಗೇ ಸೇರಿತ್ತು. ಅದೇ ಕಾಲಕ್ಕೆ ‘ಮಾಹಿತಿ ಸಿಂಧು’ ಯೋಜನೆ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ತಂದಿತು.

2008ರಲ್ಲಿ ನಮ್ಮಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಮೂರು, ವಿಂಡೋಸ್ 98 ಇದ್ದ ನಾಲ್ಕು ಹಳೆಯ ಕಂಪ್ಯೂಟರ್‌ಗಳಿದ್ದವು. ಪ್ರಿಂಟರ್ ಒಂದೇ, ಅದೂ ಹೊಸದಕ್ಕೆ. ಮಕ್ಕಳೆಲ್ಲ ಮೂರಕ್ಕೇ ಮುಗಿಬೀಳುತ್ತಿದ್ದರು; ನಾಲ್ಕನ್ನು ಗುಜರಿ ಪಟ್ಟಿಗೆ ಬರೆದಾಗಿತ್ತು. ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ ಯಾವಾಗಲೂ ಹಿಂದೆಯೇ ನಿಂತಿರುತ್ತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಬೇರೆ ಬೇರೆ ಬಗೆಯ ಯಂತ್ರಗಳು ಮಾತಾಡಿಕೊಳ್ಳಲು ಎಲ್ಲವೂ ಒಂದೇ ನಿಯಮಕ್ಕೆ ಒಪ್ಪಿದರೆ ಸಾಕು. ಅಮೆರಿಕದ ಅರ್ಪಾನೆಟ್ 1983ರ ಜನವರಿ 1ರಂದು ಟಿಸಿಪಿ/ಐಪಿ ಎಂಬ ನಿಯಮವನ್ನು ಒಪ್ಪಿಕೊಂಡಿತು. ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ ಅರ್ನೆಟ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಎಂಟು ಸಂಸ್ಥೆಗಳನ್ನು ಜೋಡಿಸಲು ಹೊರಟಿತು.

ಶಿಕ್ಷಕರೆಲ್ಲ ಕೈಯಿಂದ ಹಣ ಹಾಕಿದೆವು. ಹೊಸಪೇಟೆಯಿಂದ ನಾಲ್ಕು ನೆಟ್‌ವರ್ಕ್ ಕಾರ್ಡ್, ಎಂಟು ಪೋರ್ಟಿನ ಹಬ್ಬು, ಕೇಬಲ್ ತಂದೆ. ಕೇಬಲ್ಲಿನೊಳಗೆ ಎಂಟು ಬಣ್ಣದ ಎಳೆಗಳು. ಒಂದೆರಡು ಅದಲುಬದಲಾದರೂ ಹಬ್ಬಿನ ದೀಪ ಹತ್ತುತ್ತಿರಲಿಲ್ಲ. ಪ್ರತಿ ಯಂತ್ರಕ್ಕೂ ಬೇರೆ ಬೇರೆ ಐಪಿ ವಿಳಾಸ, ಎಲ್ಲಕ್ಕೂ ಒಂದೇ ವರ್ಕ್‌ಗ್ರೂಪ್ ಹೆಸರು. ಎರಡು ಭಾನುವಾರ ಕಳೆದ ಮೇಲೆ ಏಳೂ ಕೂಡಿದವು.

ಸೋಮವಾರ ಆ ಹುಡುಗಿಯನ್ನೇ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ನುಡಿ ತಂತ್ರಾಂಶದಲ್ಲಿ ತನ್ನ ಹೆಸರು, ಊರು ಬೆರಳಚ್ಚಿಸಿದಳು. ಆ ಕಡತವನ್ನು ಪ್ರಿಂಟರ್ ಇದ್ದ ಯಂತ್ರದಲ್ಲಿ ತೆರೆದು ಅಚ್ಚು ಹಾಕಿದರೆ, ಬಂದದ್ದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು! ಹುಡುಗರು ನಕ್ಕರು. ಅವಳ ಮುಖ ಸಣ್ಣಗಾಯಿತು. ತಪ್ಪು ನನ್ನದು, ಆ ಯಂತ್ರಕ್ಕೆ ನುಡಿ ಫಾಂಟ್ ಹಾಕಿರಲಿಲ್ಲ. ತಂತಿ ಕಡತವನ್ನು ಸರಿಯಾಗಿಯೇ ಮುಟ್ಟಿಸಿತ್ತು. ಓದಲು ಆ ಕಡೆ ಕನ್ನಡ ಇರಲಿಲ್ಲ. ಫಾಂಟ್ ಹಾಕಿ ಮತ್ತೆ ಅಚ್ಚು ತೆಗೆದೆ. ಅವಳು ಆ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು.

ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲೇ ಬರೆದು ಕಳಿಸಿದ್ದಾರೆ. ಯೂನಿಕೋಡ್ ಬಂದ ಮೇಲೆ ಕನ್ನಡ ಎಲ್ಲಿಂದ ಬಂದರೂ ಕನ್ನಡವಾಗಿಯೇ ಕಾಣುತ್ತದೆ. ಶಾಲೆಗೆ ಕಂಪ್ಯೂಟರ್ ಕೊಡಬೇಕೆಂದಿರುವವರಲ್ಲಿ ನನ್ನದೊಂದು ವಿನಂತಿ: ಕೊಡಿ, ಜೊತೆಗೆ ಒಂದು ದಿನ ಬಂದು ಹಿಂದಿನ ಸಾಲಿನಲ್ಲಿ ನಿಂತವರಿಗೂ ಸರದಿ ಸಿಕ್ಕಿತೇ ಎಂದು ನೋಡಿಹೋಗಿ.