ಕಾಕ್ರೇನ್–ಮಹೇಶ್ಚಂದ್ರ ಪಂದ್ಯ, ಕಲ್ಕತ್ತ, 1855

ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಮತ್ತು ಬಂಗಾಳದ ಮಹೇಶ್ಚಂದ್ರ ಬ್ಯಾನರ್ಜಿ ಕಲ್ಕತ್ತದಲ್ಲಿ ಆಡಿದ ಚದುರಂಗ ಪಂದ್ಯ. ಬಿಳಿ ಕಾಯಿಗಳಲ್ಲಿ ಆಡಿದ ಕಾಕ್ರೇನ್ 21ನೇ ನಡೆಯಲ್ಲಿ ಗೆದ್ದರು. ಇಂದು ಗ್ರುನ್‌ಫೆಲ್ಡ್ ಡಿಫೆನ್ಸ್ ಎನಿಸಿಕೊಂಡಿರುವ ಆರಂಭದ, ತಿಳಿದಿರುವಷ್ಟರಲ್ಲಿ ಅತಿ ಹಳೆಯ ಪಂದ್ಯ ಇದು. ಮಹೇಶ್ಚಂದ್ರರ ಬದುಕಿನ ವಿವರಗಳು ತೀರ ಕಡಿಮೆ. ಅವರ ಆಲೋಚನೆಗೆ ಉಳಿದಿರುವ ಸಾಕ್ಷ್ಯವೆಂದರೆ ಅವರ ನಡೆಗಳೇ.

ಮೊದಲ ಮೂರು ನಡೆಗಳು ಹೀಗಿವೆ: 1. ಡಿ4, ಕುದುರೆ ಎಫ್6; 2. ಸಿ4, ಜಿ6; 3. ಕುದುರೆ ಸಿ3, ಡಿ5. ಭಾರತೀಯ ಪದ್ಧತಿಯಲ್ಲಿ ಕಾಲಾಳು ಸಾಮಾನ್ಯವಾಗಿ ಒಂದೇ ಮನೆ ಮುಂದುವರಿಯುತ್ತಿದ್ದುದರಿಂದ, ಮಹೇಶ್ಚಂದ್ರರು ಹಳೆಯ ರೂಢಿಯಂತೆ ಆಡಿದರಷ್ಟೇ ಎಂಬ ವಾದವಿದೆ. ಜಿ6 ನಡೆಗೆ ಈ ವಿವರಣೆ ಒಪ್ಪಬಹುದು, ಡಿ5ಕ್ಕೆ ಒಪ್ಪುವುದಿಲ್ಲ. ಅಲ್ಲಿ ಕಾಲಾಳು ಒಮ್ಮೆಗೇ ಎರಡು ಮನೆ ನೆಗೆಯುತ್ತದೆ. ಆರಂಭದ ಜೀವಾಳವಾದ ಈ ನಡೆ ಯುರೋಪಿನ ನಿಯಮದಡಿಯಲ್ಲೇ ಹುಟ್ಟಿದ ಸ್ವಂತ ಆಲೋಚನೆಯಾಗಿರಬೇಕು. ಮುಂದಿನ ನಡೆಗಳೂ ಇದನ್ನೇ ಹೇಳುತ್ತವೆ: ಕಪ್ಪು ಒಂಟೆ ಜಿ7ರಲ್ಲಿ ನೆಲೆಸುತ್ತದೆ, ಸಿ3ರಲ್ಲಿ ಕುದುರೆಗಳ ವಿನಿಮಯವಾಗುತ್ತದೆ, 8ನೇ ನಡೆಯಲ್ಲಿ ಸಿ5 ಬರುತ್ತದೆ. ಬಿಳಿಯ ಡಿ4 ಕಾಲಾಳಿನ ಮೇಲೆ ಒತ್ತಡ ಹೇರುವ ಗ್ರುನ್‌ಫೆಲ್ಡ್ ತಂತ್ರ ಇಲ್ಲಿ ಪೂರ್ಣವಾಗಿಯೇ ಕಾಣುತ್ತದೆ. ಆದರೆ ಕಾಕ್ರೇನ್ ಕಾಲಾಳನ್ನು ಇ4ಕ್ಕೆ ತಳ್ಳದೆ ಇ3ರಲ್ಲೇ ನಿಲ್ಲಿಸಿದ್ದರಿಂದ, ಈ ಆರಂಭದ ಅತ್ಯಂತ ಕಠಿಣ ಪರೀಕ್ಷೆ ಅಂದು ನಡೆಯಲಿಲ್ಲ.

ಸೋತ ಪಂದ್ಯಕ್ಕೆ ಇಷ್ಟು ಮಹತ್ವವೇಕೆ ಎಂಬ ಆಕ್ಷೇಪವೂ ಉಂಟು. ಸೋಲು ಆರಂಭದಿಂದ ಬಂದದ್ದಲ್ಲ. 14ನೇ ನಡೆಯಲ್ಲಿ ಕಾಕ್ರೇನ್ ಮಂತ್ರಿಯನ್ನು ಬಿ3ಕ್ಕೆ ತಂದಾಗ ಮಹೇಶ್ಚಂದ್ರರು ಎಫ್8ರ ಆನೆಯನ್ನು ಇ8ಕ್ಕೆ ಸರಿಸಿದರು. ಎಫ್7 ಕಾಲಾಳಿಗೆ ರಾಜನೊಬ್ಬನೇ ಕಾವಲಾದ. 18ನೇ ನಡೆಯಲ್ಲಿ ಬಿಳಿ ಕುದುರೆ ಅದನ್ನೇ ಹೊಡೆಯಿತು. ಆಪತ್ತು ಗಮನಿಸದೆ ಕಪ್ಪು ಕುದುರೆ ಎ5ಕ್ಕೆ ಹೋಗಿ ಮಂತ್ರಿಯನ್ನು ಬೆದರಿಸಿತು. ಬಿಳಿ ಕುದುರೆ ಎಚ್6ರಿಂದ ಜೋಡಿ ಚೆಕ್ ಕೊಟ್ಟಿತು. ಜಿ8ರಲ್ಲಿ ಮಂತ್ರಿಯನ್ನು ಬಲಿಕೊಟ್ಟ ಕಾಕ್ರೇನ್, ಎಫ್7ರಲ್ಲಿ ಕುದುರೆಯಿಂದಲೇ ಚೆಕ್‌ಮೇಟ್ ಮಾಡಿದರು.

ಅರ್ನ್‌ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಇದೇ ಆರಂಭವನ್ನು ಟೂರ್ನಿಗಳಿಗೆ ತಂದು, ಅದೇ ವರ್ಷ ವಿಯೆನ್ನಾದಲ್ಲಿ ಅಲೆಖೈನ್‌ರನ್ನು ಸೋಲಿಸಿದರು. ಅವರು ಕಲ್ಕತ್ತದ ಪಂದ್ಯದಿಂದ ಪ್ರೇರಣೆ ಪಡೆದರೆನ್ನಲು ಆಧಾರವಿಲ್ಲ. ಆದ್ದರಿಂದ ಆರಂಭಕ್ಕೆ ಗ್ರುನ್‌ಫೆಲ್ಡ್ ಹೆಸರು ನ್ಯಾಯವೇ. ಆದರೆ ಅದರ ಇತಿಹಾಸವನ್ನು 1922ರಿಂದ ಶುರು ಮಾಡುವುದು ನ್ಯಾಯವಲ್ಲ.